ದಿನಕ್ಕೊಂದು ಡಿಸ್ಕ್

ನೀರು ಸರಬರಾಜು ಕಚೇರಿಯಲ್ಲಿ ಎಲ್ಲರೂ ಅವನನ್ನು ಸಿಸ್ಟಂನವನು ಎನ್ನುತ್ತಿದ್ದರು. ಅವನು ಸೇರಿದ್ದು ಟೈಪ್‌ರೈಟರ್ ರಿಪೇರಿಗೆ. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ, ಇವನನ್ನೇನು ಮಾಡುವುದೆಂದು ತಿಳಿಯದೆ ಕಂಪ್ಯೂಟರುಗಳ ಜೊತೆ ಬಿಟ್ಟರು. ಕಲಿಸಿದವರು ಯಾರೂ ಇಲ್ಲ, ಕೆಡಿಸಿ ಕೆಡಿಸಿ ಕಲಿತ. ಕೂತು ಬಿಡಿಸಿದರೆ ಬಿಚ್ಚದ ಗಂಟಿಲ್ಲ ಎಂಬುದು ಅವನ ನಂಬಿಕೆ. ಇಂಥ ನಂಬಿಕೆಯವರಿಗೆ ಕಚೇರಿಯಲ್ಲಿ ಕೆಲಸ ಜಾಸ್ತಿ, ಬಡ್ತಿ ಕಡಿಮೆ.

ಎರಡನೇ ಮಹಡಿಯ ಟೆಲಿಫೋನ್ ಕೋಣೆಯಲ್ಲಿ ಆಪರೇಟರಕ್ಕ ಇದ್ದಳು. ಹುಟ್ಟಿನಿಂದಲೇ ಕಣ್ಣಿಲ್ಲ. ಇಪ್ಪತ್ತೇಳು ವರ್ಷ ಬೋರ್ಡಿನ ಗುಂಡಿಗಳನ್ನು ಬೆರಳಲ್ಲೇ ಗುರುತಿಸಿ, ಊರಿನ ಬೈಗುಳವನ್ನೆಲ್ಲ ತಕ್ಕ ತಕ್ಕ ಮೇಜಿಗೆ ತಲುಪಿಸಿದವಳು. ಈಗ ಆ ಬೋರ್ಡು ಕಿತ್ತು ಕಂಪ್ಯೂಟರ್ ಇಡುತ್ತಿದ್ದರು. ಕರೆಗಳು ಪರದೆಯ ಮೇಲೆ ಬರುತ್ತವೆ, ನೋಡಿ ಕ್ಲಿಕ್ ಮಾಡಬೇಕು. ಹದಿನೈದನೇ ದಿನ ಸಮಿತಿಯೊಂದರ ಮುಂದೆ ಅದನ್ನು ನಡೆಸಿ ತೋರಿಸದಿದ್ದರೆ ಕೆಲಸದಿಂದ ಬಿಡುಗಡೆ ಎಂದು ಅವಳಿಗೊಂದು ಪತ್ರ ಬಂತು. ಅದನ್ನು ಓದಿ ಹೇಳಿದವನೂ ಸಿಸ್ಟಂನವನೇ.

"ಪರದೆ ಮೇಲಿರೋದನ್ನ ಗಟ್ಟಿಯಾಗಿ ಓದಿ ಹೇಳೋ ಸಾಫ್ಟ್‌ವೇರ್ ಇದೆ ಅಕ್ಕಾ, ಹಾಕ್ಕೊಡ್ತೀನಿ" ಎಂದ. ಆ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ವ್ಯವಸ್ಥೆ, ಅದಕ್ಕೆ ಈ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತಿತ್ತು. ಮಾತೇನೋ ಸಲೀಸಾಗಿ ಕೊಟ್ಟುಬಿಟ್ಟ.

ಆದರೆ ಆ ಕಂಪ್ಯೂಟರಿಗೆ ಹೊರಗಿನ ಇಂಟರ್‌ನೆಟ್ ಇರಲಿಲ್ಲ. ಪೆನ್‌ಡ್ರೈವ್ ಚುಚ್ಚುವ ಜಾಗಕ್ಕೆ ಭದ್ರತೆಗೆಂದು ಅಂಟು ಸುರಿದಿದ್ದರು. ಸಿ.ಡಿ. ಡಿಸ್ಕಿನಲ್ಲಿ ತರಲು ದೊಡ್ಡ ಸಾಹೇಬರು ಅನುಮತಿ ಕೊಟ್ಟರು, ನಿಜ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ದಿನಕ್ಕೆ ಒಂದೇ ಡಿಸ್ಕ್, ಅದರಲ್ಲೂ ಯಂತ್ರವೇ ಬೇಕೆಂದು ಕೇಳಿದ ಫೈಲು ಮಾತ್ರ, ಕೇಳಿದ್ದಕ್ಕೆ ಪ್ರಿಂಟು ತೋರಿಸಬೇಕು ಎಂದ ಗೇಟಿನ ಭದ್ರತಾ ಅಧಿಕಾರಿ.

ಮೊದಲ ದಿನ ಒಯ್ದ ಸಾಫ್ಟ್‌ವೇರ್ ಪ್ಯಾಕೇಜು ಯಂತ್ರದಲ್ಲಿ ಕೂರಲಿಲ್ಲ. ತನಗಿಂತ ಮುಂಚೆ ಇನ್ನೊಂದನ್ನು ಹಾಕಬೇಕು ಎಂದಿತು. ಮರುದಿನ ಆ ಇನ್ನೊಂದನ್ನು ಕೊಟ್ಟರೆ ಅದು ಮತ್ತೆರಡನ್ನು ಕೇಳಿತು. ಪಟ್ಟಿ ಹನುಮಂತನ ಬಾಲವಾಯಿತು. ದಿನಾ ಸಂಜೆ ಮನೆಯಲ್ಲಿ ಇಳಿಸಿಕೊಳ್ಳುವುದು, ಬೆಳಗ್ಗೆ ಗೇಟಿನಲ್ಲಿ ಕಾಯುವುದು. ನಮ್ಮ ಮದುವೆಯ ಸಾಮಾನಿನ ಪಟ್ಟಿಯೂ ಇಷ್ಟುದ್ದ ಇರಲಿಲ್ಲ ಎಂದು ಹೆಂಡತಿ ಆಡಿಕೊಂಡಳು. ಒಂಬತ್ತನೇ ದಿನ ತಂದದ್ದು ಹೊಸ ಆವೃತ್ತಿ, ಯಂತ್ರಕ್ಕೆ ಬೇಕಿದ್ದದ್ದು ಹಳೆಯದು. ಆ ದಿನ ಪೂರ್ತಿ ನೀರಲ್ಲಿ ಹೋಮವಾಯಿತು. ಅಕ್ಕ ಮಾತ್ರ ಏನೂ ಕೇಳದೆ, ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತಿದ್ದಳು. ಬೈದಿದ್ದರೂ ಅವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಹದಿಮೂರನೇ ದಿನ ಯಂತ್ರ ಮಾತಾಡಿತು. ಅವನು ಟೈಪ್ ಮಾಡಿದ್ದನ್ನೆಲ್ಲ ನೆಗಡಿಯಾದ ಗಂಡಸಿನ ದನಿಯಲ್ಲಿ ಓದಿತು. ಅಕ್ಕ ನಕ್ಕಳು. ಇವನಿಗೊಂದು ಕಷಾಯ ಕುಡಿಸು ಎಂದಳು. ಅವತ್ತು ಅವನು ಮನೆಗೆ ಹೋದದ್ದು ಗೆದ್ದವನಂತೆ.

ಹದಿನಾಲ್ಕನೇ ದಿನ ಟೆಲಿಫೋನ್ ಪ್ರೋಗ್ರಾಮನ್ನು ತೆರೆದ. ಪಕ್ಕದ ಕೋಣೆಯಿಂದ ಒಂದು ಕರೆ ಮಾಡಿಸಿದ. ಪರದೆಯ ಮೇಲೆ ಹೆಸರು, ನಂಬರು, ಗುಂಡಿಗಳು ಮೂಡಿದವು. ಹೆಡ್‌ಫೋನಿನಲ್ಲಿ ದನಿ, "ಚಿತ್ರ" ಎಂದಿತು. ಕೀಲಿ ಒತ್ತಿದ. "ಚಿತ್ರ." ಮತ್ತೆ ಒತ್ತಿದ. "ಚಿತ್ರ."

ಪ್ರೋಗ್ರಾಮ್ ಮಾಡಿದವರು ಎಲ್ಲವನ್ನೂ ಚಿತ್ರವಾಗಿ ಬಿಡಿಸಿಟ್ಟಿದ್ದರು. ಕಣ್ಣಿಗೆ ಅಕ್ಷರದಂತೆ ಕಂಡರೂ ಸಾಫ್ಟ್‌ವೇರಿಗೆ ಓದಲು ಒಂದಕ್ಷರವೂ ಇರಲಿಲ್ಲ. ಇದನ್ನು ಮೊದಲ ದಿನವೇ ನೋಡಬಹುದಿತ್ತು. ಎದುರಿಗೆ ಬಂದ ಗಂಟನ್ನು ಬಿಚ್ಚುವ ಭರದಲ್ಲಿ ಹಗ್ಗದ ಆ ತುದಿಯಲ್ಲಿ ಏನಿದೆ ಎಂದು ಅವನು ನೋಡಿಯೇ ಇರಲಿಲ್ಲ. ಮಾಡಿದವರಿಗೆ ಫೋನು ಹಚ್ಚಿದ. ಮುಂದಿನ ವರ್ಷ ನೋಡೋಣ ಎಂದರು.

"ಇದಕ್ಕೂ ಕಾಣಿಸ್ತಿಲ್ಲ, ಅಲ್ವಾ ತಮ್ಮಾ?"

"ಇಲ್ಲಕ್ಕಾ."

ಅವಳು ಹೆಡ್‌ಫೋನ್ ತೆಗೆದು, ತಂತಿ ಸುತ್ತಿ ಮೇಜಿನ ಮೇಲಿಟ್ಟಳು. "ನಾಳೆ ನಾನು ಬರಲ್ಲ. ಅವರ ಮುಂದೆ ತಡಕಾಡ್ತಾ ಕೂರೋಕೆ ನನ್ನಿಂದಾಗಲ್ಲ. ನೀನೇ ಹೇಳ್ಬಿಡು."

ಮರುದಿನ ಸಮಿತಿಯವರ ಮುಂದೆ ಅವನು ಎಲ್ಲವನ್ನೂ ವಿವರಿಸಿದ. ಅವರು ತಾಳ್ಮೆಯಿಂದಲೇ ಕೇಳಿಸಿಕೊಂಡರು. ಆಮೇಲೆ ಒಂದು ಹಾಳೆ ಮುಂದೆ ತಳ್ಳಿದರು: ಯಂತ್ರ ಸುಸ್ಥಿತಿಯಲ್ಲಿದೆ, ಸಿಬ್ಬಂದಿ ನಡೆಸಲು ಅಸಮರ್ಥ. ಕೆಳಗೆ ತಾಂತ್ರಿಕ ಸಾಕ್ಷಿಯ ರುಜು ಬೇಕಿತ್ತು. ಇಡೀ ಕಚೇರಿಯಲ್ಲಿ ತಂತ್ರ ಬಲ್ಲವನು ಅವನೊಬ್ಬನೇ. ಅವನು ರುಜು ಹಾಕಿದ.