ಚಾಸಿ ನಂಬರಿನ ಕೊನೆಯ ನಾಲ್ಕು ಅಂಕಿ

ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ, ಅದು ಹೆಚ್ಚೇನೂ ಇಲ್ಲ. ಕೆಂಗೇರಿ ದಾಟಿದ ಮೇಲೆ ಅಣ್ಣನ ಡೀಸೆಲ್ ಪಿಕಪ್ ನಿಂತಿದ್ದ ಲಾರಿಯ ಹಿಂಬದಿಗೆ ಹೊಡೆಯಿತು. ಅಣ್ಣನ ಬಲಗೈ ಮುರಿಯಿತು. ಗಾಡಿಯ ಮುಂಭಾಗ ಸೀಟಿನವರೆಗೂ ಒಳಕ್ಕೆ ಬಂದಿತ್ತು. ಗುಜರಿಯವರು ಬಂದು ಕೇಳಿದರು, ಅಣ್ಣ ಕೊಡಲಿಲ್ಲ.

"ಬೇರೆಯವ್ರ ಗಾಡಿಗೆ ಡ್ರೈವರ್ ಆಗಿ ಹೋಗಲ್ಲ ಕಣೇ. ಇದನ್ನೇ ಎಬ್ಬಿಸ್ತೀನಿ."

ಎಬ್ಬಿಸಲು ಅವನಿಗೆ ಕೈ ಇರಲಿಲ್ಲ. ಹಾಗಾಗಿ ಕಾಮಾಕ್ಷಿಪಾಳ್ಯದ ಶೆಡ್ಡಿಗೆ ನಾನು ಹೋಗತೊಡಗಿದೆ. ಟಿಂಕರಿಂಗ್ ಮೇಸ್ತ್ರಿಗೆ ಅರವತ್ತು ದಾಟಿತ್ತು. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಬಾಗಿದ ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಸರಪಳಿ ಹಾಕಿ, ದಿನಕ್ಕೆ ಬೆರಳಗಲದಷ್ಟು ಎಳೆದು ನೇರ ಮಾಡಿದರು. ಕ್ಯಾಬಿನ್ ಇನ್ನೊಂದು ಸತ್ತ ಗಾಡಿಯದ್ದು, ಒಂದು ಬಾಗಿಲು ಮೂರನೆಯದರದ್ದು. ಡೀಸೆಲ್ ಪೈಪಿನೊಳಗಿನ ಗಾಳಿ ತೆಗೆಯುವುದನ್ನು ನನಗೂ ಕಲಿಸಿದರು. ಇಂಜಿನ್ ಮೊದಲ ಸಲ ಸ್ಟಾರ್ಟ್ ಆದಾಗ ಬಿಳಿ ಹೊಗೆ ಪಕ್ಕದ ಗಾರ್ಮೆಂಟ್ಸಿಗೆ ನುಗ್ಗಿ, ಅಲ್ಲಿನ ಹೆಂಗಸರು ಕಿಟಕಿಯಿಂದ ಕೂಗಿದರು: "ಸೊಳ್ಳೆ ಔಷಧಿ ಹೊಡೀತಾ ಇದೀರೇನಣ್ಣಾ?"

ಅಣ್ಣ ನಕ್ಕ. ಅಲ್ಲ, ಅತ್ತ ಎಂದು ಬರೆಯಬೇಕೇನೋ. ಹೊಗೆಯಲ್ಲಿ ಎರಡೂ ಒಂದೇ ಥರ ಕಾಣುತ್ತದೆ.

ಮಿಕ್ಕಿದ್ದು ಎಫ್‌ಸಿ, ಗಾಡಿ ಓಡಿಸಲು ಯೋಗ್ಯ ಎಂದು ಆರ್‌ಟಿಒ ಕೊಡುವ ಸರ್ಟಿಫಿಕೇಟು. ಅದಾಗದೆ ಗಾಡಿ ರಸ್ತೆಗಿಳಿಯುವಂತಿಲ್ಲ. ಅದಕ್ಕೆ ಚಾಸಿಯ ಕಬ್ಬಿಣದಲ್ಲಿ ಕೊರೆದಿರುವ ನಂಬರಿನ ಮೇಲೆ ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ, ಪ್ರಿಂಟ್ ತೆಗೆಯಬೇಕು. ಮೇಸ್ತ್ರಿ ಉಜ್ಜಿದರು. ಅಕ್ಷರಗಳು, ಅಂಕಿಗಳು ಒಂದೊಂದಾಗಿ ಮೂಡಿದವು. ಕೊನೆಯ ನಾಲ್ಕು ಮೂಡಲಿಲ್ಲ. ಇನ್ನೊಂದು ಕಾಗದ ಇಟ್ಟರು. ಆ ಜಾಗ ಬರೀ ಕಪ್ಪಾಯಿತು.

"ಅಳಿಸೋಗಿದೆ," ಎಂದರು.

"ಅಳಿಸೋಗಕ್ಕೆ ಅದೇನು ಸ್ಲೇಟಾ ಮೇಸ್ತ್ರಿ?" ಅಣ್ಣನ ದನಿ ಏರಿತು. ನಂಬರ್ ಉಜ್ಜಿ ಅಳಿಸಿದ ಗಾಡಿ ಎಂದರೆ ಕದ್ದ ಗಾಡಿ ಎಂದೇ ಲೆಕ್ಕ. ಆರ್‌ಟಿಒದವರು ಹಿಡಿದಿಟ್ಟುಕೊಂಡರೆ ಮುಗಿಯಿತು.

ಮೇಸ್ತ್ರಿ ಕನ್ನಡಕ ತೆಗೆದರು. "ನನ್ನ ಕೈಯೇ ಇರ್ಬೇಕು. ವೆಲ್ಡಿಂಗ್ ಆದ್ಮೇಲೆ ಗ್ರೈಂಡರ್ ಹಿಡಿದವನು ನಾನೇ ಅಲ್ವಾ."

ಆದರೆ ಅದೇ ಜಾಗದ ತುಕ್ಕು ತೆಗೆಯಲು ಒಂದು ಬೆಳಿಗ್ಗೆ ನನಗೂ ಹೇಳಿದ್ದರು. "ವೈರ್ ಬ್ರಷ್ ತಗೊಳ್ಳಿ ಮೇಡಂ, ಗ್ರೈಂಡರ್ ಮುಟ್ಬೇಡಿ." ಈ ಮಾತು ನೆನಪಿದೆ. ಚಪ್ಪಲಿಯ ಮೇಲೆ ಕಿಡಿ ಉದುರಿದ್ದೂ ನೆನಪಿದೆ. ಬ್ರಷ್ಷಿನಿಂದ ಅಷ್ಟು ಕಿಡಿ ಬರುವುದಿಲ್ಲ. ಆದರೆ ಕಿಡಿ ಬೇರೆ ದಿನದ್ದಿರಬಹುದು, ಅವರು ವೆಲ್ಡ್ ಮಾಡುವಾಗ ನಾನು ತಗಡು ಹಿಡಿದುಕೊಂಡಿದ್ದಾಗಿನದು. ಆ ಬೆಳಿಗ್ಗೆಯನ್ನು ನೆನೆದಾಗಲೆಲ್ಲ ಅಣ್ಣ ಡ್ರಮ್ಮಿನ ಮೇಲೆ ಕೂತು ಬೋಂಡ ತಿನ್ನುತ್ತಿರುತ್ತಾನೆ. ನಿಜದಲ್ಲಿ ಅವತ್ತು ಅವನು ಬ್ಯಾಂಡೇಜ್ ಬಿಚ್ಚಿಸಲು ಆಸ್ಪತ್ರೆಗೆ ಹೋಗಿದ್ದ. ಬೋಂಡ ಸುಳ್ಳಾದರೆ ಬ್ರಷ್ ಏಕೆ ನಿಜ?

ಗಾಡಿಯನ್ನು ಎಳೆಸಿಕೊಂಡು ಆರ್‌ಟಿಒ ಆಫೀಸಿಗೆ ಹೋದೆವು. ಇನ್ಸ್‌ಪೆಕ್ಟರ್ ಬಗ್ಗಿ ಟಾರ್ಚ್ ಹಾಕಿ ನೋಡಿದರು.

"ಇಂಜಿನ್ ನಂಬರ್ ತಾಳೆ ಆಗ್ತಿದೆ, ಆರ್‌ಸಿ ಇದೆ. ಆದ್ರೆ ಇದನ್ನ ಯಾರು ಉಜ್ಜಿದ್ದು, ಯಾವುದ್ರಲ್ಲಿ, ಯಾಕೆ ಅಂತ ಬರ್ಕೊಡಿ. ಉಜ್ಜಿದವ್ರೇ ಸೈನ್ ಹಾಕ್ಬೇಕು. ಮೇಲೆ ಕಳಿಸ್ತೀನಿ. ಒಪ್ಪಿದ್ರೆ ಹೊಸದಾಗಿ ಪಂಚ್ ಮಾಡ್ಸಬಹುದು. ಇಲ್ಲಾಂದ್ರೆ ಸೀಜ್."

"ಮೇಸ್ತ್ರಿ ಹೆಸ್ರು ಬರಿ," ಅಣ್ಣ ನನ್ನ ಕಿವಿಯಲ್ಲಿ ಹೇಳಿದ. "ಅವ್ರೇ ಒಪ್ಕೊಂಡಿದಾರಲ್ಲ."

ಮೇಸ್ತ್ರಿ ಗೇಟಿನ ಹತ್ತಿರ ನಿಂತಿದ್ದರು. ಯಾವ ಹಾಳೆ ಕೊಟ್ಟರೂ ಸೈನ್ ಹಾಕುವ ಮುಖ. ನಾನು ಬಾನೆಟ್ ಮೇಲೆ ಹಾಳೆ ಇಟ್ಟು ಶುರು ಮಾಡಿದೆ: ತುಕ್ಕು ತೆಗೆಯುವಾಗ ಬಹುಶಃ...

ಇನ್ಸ್‌ಪೆಕ್ಟರ್ ಭುಜದ ಮೇಲಿಂದ ಓದಿದರು. "ಬಹುಶಃ ಎಲ್ಲ ನಡೆಯಲ್ಲ ಮೇಡಂ. ಏನೋ ಒಂದು ಹೇಳಿ."

ಬೇರೆ ಹಾಳೆ ತೆಗೆದುಕೊಂಡೆ. ತುಕ್ಕು ತೆಗೆಯುವಾಗ ನನ್ನ ಕೈಯಲ್ಲಿದ್ದ ಗ್ರೈಂಡರ್ ತಗುಲಿ ಕೊನೆಯ ನಾಲ್ಕು ಅಂಕಿಗಳು ಅಳಿಸಿಹೋಗಿವೆ. ಸೈನ್ ಹಾಕಿದೆ. ಇಷ್ಟು ನೇರವಾದ ವಾಕ್ಯವನ್ನು ನಾನು ಜೀವಮಾನದಲ್ಲಿ ಬರೆದಿಲ್ಲ.

ಅಣ್ಣ ಓದಿದ. "ನೀನಾ?"

"ನಾನೇ."

"ಏನ್ ಮೇಡಂ, ನಿಮ್ಗೆ ಬ್ರಷ್ ಅಲ್ವಾ ಕೊಟ್ಟಿದ್ದು?" ಮೇಸ್ತ್ರಿ ಹತ್ತಿರ ಬಂದು ಕೇಳಿದರು.

"ಗ್ರೈಂಡರ್ ಅಲ್ಲೇ ಇತ್ತಲ್ಲ."

ಗಾಡಿ ಆರ್‌ಟಿಒದಲ್ಲೇ ಉಳಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣ ಬೇರೆ ಸೀಟಿನಲ್ಲಿ ಕೂತ. ಒಪ್ಪಿಗೆ ಬರುವ ತನಕ, ಅಂದರೆ ತಿಂಗಳ ಮೇಲೆ, ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬಂತು. ಅಂಕಿಗಳನ್ನು ಹೊಸದಾಗಿ ಹೊಡೆದರು, ಎಫ್‌ಸಿಯೂ ಆಯಿತು.

ಈಗ ಅಣ್ಣ ಮತ್ತೆ ಗಾಡಿಯಲ್ಲಿ ಬಟ್ಟೆ ಬಂಡಲ್ ಸಾಗಿಸುತ್ತಾನೆ, ಲೋಡಿಂಗ್ ಹುಡುಗರಿಗೆಲ್ಲ ಕಥೆ ಹೇಳುತ್ತಾನೆ: "ನಮ್ ತಂಗಿ ಗಾಗಲ್ಸ್ ಹಾಕ್ಕೊಂಡು ನಂಬರೇ ಎತ್ಬಿಟ್ಳು ಗುರು!" ಗಾಗಲ್ಸ್ ಎಲ್ಲಿಂದ ಬಂತೋ. ಆದರೆ ನನಗೂ ಈಗ ಎಲ್ಲ ಸ್ಪಷ್ಟ: ಗ್ರೈಂಡರಿನ ಭಾರ, ಅದರ ಅದುರಾಟ, ಒಂದೊಂದಾಗಿ ಹೋಗುವ ಅಂಕಿಗಳು. ಹಾಳೆಗೆ ಸೈನ್ ಹಾಕುವ ಮೊದಲು ಇದ್ಯಾವುದೂ ಇರಲಿಲ್ಲ.

ತಡೆಯಲಾಗದೆ ಶೆಡ್ಡಿಗೆ ಹೋಗಿ ಕೇಳಿದೆ: "ನಿಜ ಹೇಳಿ ಮೇಸ್ತ್ರಿ, ಯಾರು ಅಳಿಸಿದ್ದು?"

ಅವರು ಯಾವುದೋ ಆಟೋದ ತಗಡು ಬಡಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಗಾಡಿ ಓಡ್ತಾ ಇದೆಯಾ?"

"ಓಡ್ತಾ ಇದೆ. ಬೆಳಿಗ್ಗೆ ಮಲ್ಲತ್ತಹಳ್ಳಿಗೆ ಲೋಡ್ ತಗೊಂಡು ಹೋಯ್ತು."

"ಹಾಗಾದ್ರೆ ಈ ಕಡೆ ಸ್ವಲ್ಪ ಹಿಡ್ಕೊಳ್ಳಿ, ಅಲ್ಲಾಡ್ತಿದೆ," ಎಂದರು.

ಹಿಡಿದುಕೊಂಡೆ. ಸುತ್ತಿಗೆಯ ಸದ್ದಿನಲ್ಲಿ ಎರಡನೇ ಸಲ ಕೇಳಲು ಆಗಲಿಲ್ಲ.