ಮಾರ್ತಾಳ ಅಪ್ಪ ಕಲಿಸಿದ ಕೀರ್ತನೆ

ಮಾರ್ತಾ, ಆ ಶನಿವಾರ ನೀನು ತಪ್ಪು ಹೇಳಿರಲಿಲ್ಲ. ತಪ್ಪಲ್ಲವೆಂದು ಗೊತ್ತಿದ್ದೂ ನಾನು ತಪ್ಪು ಎಂದೆ. ಹನ್ನೊಂದು ವರ್ಷದಿಂದ ಇದನ್ನು ನುಂಗಿಕೊಂಡು ಪ್ರತಿ ಭಾನುವಾರ ನಿನ್ನ ಎದುರಿಗೇ ನಿಂತು ದೇವರ ವಾಕ್ಯ ಓದಿದ್ದೇನೆ. ಮರೆತಿದ್ದೆ, ಗೊಂದಲವಾಯಿತು, ಕಣ್ಣು ಮಂಜಾಗಿತ್ತು — ಇಂಥ ನೆಪಗಳನ್ನೆಲ್ಲ ನನಗೆ ನಾನೇ ಹೇಳಿಕೊಂಡು ನೋಡಿದ್ದಾಯಿತು, ಒಂದೂ ನಿಲ್ಲಲಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳಿದೆ, ಅಷ್ಟೇ.

ಇದು ನಿನ್ನೊಬ್ಬಳ ಕಿವಿಗಲ್ಲ, ಸಭೆಯವರೆಲ್ಲ ಕೇಳಬೇಕಾದ ಮಾತು. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಹೇಳುತ್ತೇನೆ. ಶಿರಸಿಯ ನಮ್ಮ ಸಣ್ಣ ಸಭೆಯಲ್ಲಿ ಗುಡ್ ಫ್ರೈಡೆಗೆ ಮುಂಚಿನ ಶನಿವಾರಗಳಂದು ಮಧ್ಯಾಹ್ನ ಚಾಪೆ ಹಾಸಿ ಕೂತು ನೂರಹತ್ತೊಂಬತ್ತನೆಯ ಕೀರ್ತನೆಯನ್ನು ಬಾಯಿಪಾಠ ಒಪ್ಪಿಸುವ ಪದ್ಧತಿಯಿತ್ತು. ದೇವರ ಧರ್ಮಶಾಸ್ತ್ರವನ್ನು ಹೊಗಳುವ ಕೀರ್ತನೆ, ಇಪ್ಪತ್ತೆರಡು ಭಾಗ, ನೂರ ಎಪ್ಪತ್ತಾರು ವಚನ. ಒಬ್ಬರು ಪುಸ್ತಕ ಹಿಡಿದು ಕೂರುತ್ತಿದ್ದರು. ಒಂದು ಪದ ಜಾರಿದರೂ ‘ತಪ್ಪು’ ಎನ್ನುತ್ತಿದ್ದರು, ಹೇಳುತ್ತಿದ್ದವರು ಕೂತುಬಿಡಬೇಕು. ಆಜ್ಞೆ, ನೇಮ, ಕಟ್ಟಳೆ, ವಿಧಿ — ಒಂದರ ಜಾಗಕ್ಕೆ ಇನ್ನೊಂದು ಬರುವುದು ಸುಲಭ, ಹೆಚ್ಚಿನವರು ಎಡವುತ್ತಿದ್ದದ್ದು ಅಲ್ಲೇ. ಪೂರ್ತಿ ಒಪ್ಪಿಸಿದವರು ಮುಂದಿನ ವರ್ಷವಿಡೀ ಆರಾಧನೆಯಲ್ಲಿ ಕೀರ್ತನೆ ಓದುತ್ತಿದ್ದರು. ಮರುವರ್ಷ ಪುಸ್ತಕ ಹಿಡಿಯುತ್ತಿದ್ದವರೂ ಅವರೇ. ಬೇರೆ ಯಾರೂ ಪೂರೈಸದಿದ್ದರೆ ಓದುವ ಜಾಗ ಅವರಿಗೇ ಉಳಿಯುತ್ತಿತ್ತು. ಒಂಬತ್ತು ವರ್ಷದಿಂದ ಅದು ನನಗೇ ಉಳಿದಿತ್ತು. ಜಾಗ ಕಳೆದುಕೊಳ್ಳಬೇಕಾದವರೇ ತೀರ್ಪು ಕೊಡುವ ಈ ಏರ್ಪಾಡು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ಸುಳ್ಳು ಹೇಳುತ್ತಾರೆಯೇ?

ನೀನು ನಮ್ಮ ಶಾಲೆಗೆ ಬಿಸಿಯೂಟದ ಅಡುಗೆಗೆಂದು ಬಂದವಳು. ಯಲ್ಲಾಪುರದ ಕಡೆಯ ಹೆಣ್ಣು, ಓದು ಬರಹ ಬಾರದು. ನಿನ್ನ ಅಪ್ಪ ಅಲ್ಲಿಯ ಮರದ ಡಿಪೋದಲ್ಲಿ ಕಾವಲುಗಾರನಾಗಿದ್ದ. ಅವನಿಗೂ ಅಕ್ಷರ ಬಾರದು, ಯಾರೋ ಓದಿದ್ದನ್ನು ಕೇಳಿ ಕೇಳಿಯೇ ಕಲಿತವನು. ದಿಮ್ಮಿಗಳ ನಡುವೆ ಸುತ್ತು ಹಾಕುವಾಗ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಿನಕ್ಕೊಂದು ವಚನದಂತೆ ಬಾಯಿಗೆ ಬರಿಸಿದ್ದನಂತೆ. ನೀನು ಅಕ್ಕಿ ಆರಿಸುತ್ತ ಅದನ್ನೇ ಹೇಳಿಕೊಳ್ಳುತ್ತಿದ್ದೆ. ನನ್ನ ತರಗತಿಯ ಕಿಟಕಿ ಅಡುಗೆಕೋಣೆಗೆ ಎದುರು. ಮಕ್ಕಳಿಂದ ಮಗ್ಗಿ ಹೇಳಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದೆ — ಮೊದಮೊದಲು ಸಂತೋಷಕ್ಕೆ, ಆಮೇಲೆ... ಆಮೇಲೆ ಎಲ್ಲಾದರೂ ತಪ್ಪು ಸಿಕ್ಕೀತೇ ಎಂದು.

ನಿನ್ನ ದನಿಯ ಮೇಲೆ ನನಗೆ ಕಿಚ್ಚಿರಲಿಲ್ಲ. ದನಿ ನನ್ನದೇ ಚೆನ್ನ, ಇವತ್ತೂ ಹೇಳುತ್ತೇನೆ. ನನ್ನನ್ನು ಸುಟ್ಟದ್ದು ಬೇರೆ. ದೇವರ ಮಾತು ಜೇನಿಗಿಂತ ಸಿಹಿ ಎನ್ನುವ ಕಡೆ ನಿನ್ನ ಮುಖ ನಿಜವಾಗಿಯೂ ಸಿಹಿ ತಿಂದವರ ಮುಖವಾಗುತ್ತಿತ್ತು. ನನಗೆ ಆ ಕೀರ್ತನೆ ಕಲಿಸಿದವಳು ಅಮ್ಮ, ಕೈಯಲ್ಲಿ ಕೋಲು ಹಿಡಿದು. ತಪ್ಪಿದ ಪ್ರತಿ ಪದಕ್ಕೂ ಮೊಣಕಾಲ ಕೆಳಗೆ ಒಂದು ಬಾಸುಂಡೆ. ದೇವರು ಆಳುತ್ತಾನೆ ಎಂದರೆ ನನ್ನ ಮೈ ಬಿಗಿಯುತ್ತಿತ್ತು, ನಿನ್ನ ಮೈ ಸಡಿಲವಾಗುತ್ತಿತ್ತು. ಒಂದೇ ಕೀರ್ತನೆ, ಒಬ್ಬನೇ ದೇವರು — ನನಗೇಕೆ ಕೋಲು, ನಿನಗೇಕೆ ಹೆಗಲು? ಈ ಪ್ರಶ್ನೆ ಹುಳಿತೇಗಿನ ಹಾಗೆ ಹೊತ್ತಲ್ಲದ ಹೊತ್ತಿನಲ್ಲಿ ಮೇಲೆ ಬರುತ್ತಿತ್ತು. ನಾನು ಅಸೂಯೆಪಟ್ಟದ್ದು ನಿನ್ನ ಅಪ್ಪನಿಗಾಗಿ, ಮಾರ್ತಾ. ಸತ್ತುಹೋಗಿದ್ದ ಆ ಮನುಷ್ಯನನ್ನು ನಾನು ನೋಡಿಯೂ ಇರಲಿಲ್ಲ.

ಆ ಮಧ್ಯಾಹ್ನ ನೀನು ಎದ್ದು ನಿಂತಾಗ ಹೆಚ್ಚೆಂದರೆ ಐದಾರು ಭಾಗ ಹೇಳಿಯಾಳು ಎಂದುಕೊಂಡಿದ್ದೆ. ನಮ್ಮ ಸಭೆಯಲ್ಲಿ ಆಗ ಇದ್ದದ್ದು ಹೊಸ ಮುದ್ರಣದ ಪುಸ್ತಕ. ಹಳೆಯದಕ್ಕೂ ಅದಕ್ಕೂ ಅಲ್ಲೊಂದು ಇಲ್ಲೊಂದು ಪದದ ವ್ಯತ್ಯಾಸ. ಹಳೆಯದರಂತೆ ಹೇಳಿದರೂ ಸರಿ ಎಂಬುದು ಮೊದಲಿನಿಂದ ನಡೆದುಬಂದ ರೀತಿ. ನೀನು ಎರಡು ಕಡೆ ಹಳೆಯದನ್ನೇ ಹೇಳಿದೆ, ನಾನು ತಲೆಯಾಡಿಸಿ ಬಿಟ್ಟೆ. ಹತ್ತು ಭಾಗವಾಯಿತು. ಹದಿನೈದಾಯಿತು. ಕೂತವರು ಮಾತು ನಿಲ್ಲಿಸಿದರು. ಆ ವರ್ಷವಷ್ಟೇ ಬಂದಿದ್ದ ಅಯ್ಯನವರು, ನಮ್ಮ ಸಭೆಯ ಗುರುಗಳು, ಕನ್ನಡಕ ತೆಗೆದು ನಿನ್ನನ್ನೇ ನೋಡುತ್ತಿದ್ದರು. ನನ್ನನ್ನು ಹಾಗೆ ಯಾರೂ ನೋಡಿರಲಿಲ್ಲ. ಇಪ್ಪತ್ತು ಭಾಗ ಮುಗಿದು ಎರಡೇ ಉಳಿದಿದ್ದವು. ಆಗ ಹೊಸ ಪುಸ್ತಕದಲ್ಲಿ ‘ಆಜ್ಞೆ’ ಎಂದಿದ್ದಲ್ಲಿ ನೀನು ‘ನೇಮ’ ಎಂದೆ. ಅಮ್ಮನ ಹಳೆಯ ಪುಸ್ತಕದಲ್ಲೂ ‘ನೇಮ’ ಎಂದೇ ಇತ್ತು. ಆ ‘ನೇಮ’ಕ್ಕಾಗಿ ನಾನು ಪೆಟ್ಟು ತಿಂದಿದ್ದೆ, ಮರೆಯಲು ಹೇಗೆ ಸಾಧ್ಯ? ಅಲ್ಲಿದ್ದವರಲ್ಲಿ ಹಳೆಯ ಮುದ್ರಣ ನೆನಪಿದ್ದವಳು ನಾನೊಬ್ಬಳೇ.

“ಇಲ್ಲಿ ತಪ್ಪಾಯ್ತು ಮಾರ್ತಾ, ಕೂತ್ಕೋ” ಎಂದೆ.

ನೀನು ಕೂರಲಿಲ್ಲ. “ಅಪ್ಪ ಹಿಂಗೇ ಹೇಳ್ಕೊಟ್ಟಿದ್ದ, ಅಕ್ಕೋರೆ” ಎಂದೆ. ಆಗಲಾದರೂ ನಾನು ಪುಸ್ತಕ ಮುಚ್ಚಿ ನಿಜ ಹೇಳಬಹುದಿತ್ತು. ಎಲ್ಲರೂ ನನ್ನ ಕಡೆ ತಿರುಗಿದ್ದರು — ನಾನು ನಕ್ಕೆ. “ಪಾಪ, ಓದು ಬಾರ್ದವ್ರು, ಹೆಂಗೋ ಕಲ್ತಿರ್ತಾರೆ ಬಿಡು” ಎಂದೆ. ನೀನು ಕೂತೆ.

ಸೋಮವಾರ ಮಕ್ಕಳ ಊಟ ಮುಗಿದ ಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನೀನು ನನ್ನ ತರಗತಿಗೆ ಬಂದೆ. ಜಗಳಕ್ಕೆ ಬಂದೆ ಎಂದು ನಾನು ಅಂದುಕೊಂಡೆ. “ಸರಿಯಾದ್ದು ಯಾವ್ದು, ನೀವೇ ಹೇಳ್ಕೊಡ್ರಿ. ದೇವರ ಮಾತು ತಪ್ಪು ಹೇಳೂದು ಬ್ಯಾಡ” ಎಂದೆ. ನಾನು ಹೇಳಿಕೊಟ್ಟೆ. ಸಣ್ಣ ಮಕ್ಕಳ ಬೆಂಚಿನ ಮೇಲೆ ಮುದುರಿ ಕೂತು ನೀನು ಮತ್ತೆ ಮತ್ತೆ ಹೇಳಿದೆ. ನಾಲಿಗೆ ಅಪ್ಪನ ಪದದ ಕಡೆಗೇ ಎಳೆಯುತ್ತಿತ್ತು, ನೀನೇ ತಡೆದು ತಿದ್ದಿಕೊಂಡೆ. ನಾಚಿಕೆಯಿಂದ ಸಾಯಬೇಕಿತ್ತು ನಾನು. ಸಾಯಲಿಲ್ಲ. ಇಷ್ಟು ಸುಲಭವಾಗಿ ತಲೆಬಾಗಲು ಇವಳಿಗೆ ಹೇಗೆ ಬಂತು ಎಂದು ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ. ಅಂದಿನಿಂದ ನೀನು ಅಕ್ಕಿಯನ್ನು ಸುಮ್ಮನೆ ಆರಿಸಿದೆ. ಶನಿವಾರಗಳಲ್ಲಿ ಮತ್ತೆ ಎದ್ದು ನಿಲ್ಲಲೂ ಇಲ್ಲ.

ನಾನು ಓದುತ್ತ ಹೋದೆ. ನ್ಯಾಯಾಧಿಪತಿಗಳ ನಡುವೆ ದೇವರು ಎದ್ದು ನಿಂತು ಎಲ್ಲಿಯವರೆಗೆ ಅನ್ಯಾಯದ ತೀರ್ಪು ಕೊಡುತ್ತೀರಿ ಎಂದು ಕೇಳುವ ಕೀರ್ತನೆಯನ್ನು ಸ್ಪಷ್ಟ ಉಚ್ಚಾರದಲ್ಲಿ ಓದಿದ್ದೇನೆ. ಅವನು ನ್ಯಾಯತೀರಿಸಲು ಬರುತ್ತಾನೆಂದು ಕಾಡಿನ ಮರಗಳೂ ಹಾಡಿ ಕುಣಿಯುವ ಕೀರ್ತನೆಯನ್ನೂ ಓದಿದ್ದೇನೆ. ಅಲ್ಲಿ ನೀನು ಮೆಲ್ಲಗೆ ನಗುತ್ತಿದ್ದೆ — ಅವನು ಬರುವುದು ನಿನಗೆ ಹಬ್ಬ. ನಾನು ಮಾತ್ರ ಅವನು ಇನ್ನಷ್ಟು ತಡಮಾಡಲಿ ಎಂದು ಒಳಗೊಳಗೇ ಬೇಡುತ್ತಿದ್ದೆ. ಇನ್ನೊಂದು ಕೀರ್ತನೆಯಲ್ಲಿ ದೇವರು ಹೇಳುತ್ತಾನೆ: ನಾನು ಸುಮ್ಮನಿದ್ದದ್ದಕ್ಕೆ ನೀನು ನನ್ನನ್ನೂ ನಿನ್ನಂಥವನೇ ಎಂದು ತಿಳಿದೆ. ಅದು ಬಂದ ಭಾನುವಾರ ಮೈಗೆ ಹುಷಾರಿಲ್ಲ ಎಂದು ಮನೆಯಲ್ಲೇ ಉಳಿದೆ.

ಹೋದ ತಿಂಗಳು ನಿಮ್ಮ ಮನೆಯಲ್ಲಿ ಪ್ರಾರ್ಥನಾಕೂಟವಾಯಿತು. ಕಾಲೇಜು ಮುಗಿಸಿರುವ ನಿನ್ನ ಮಗಳು ರೂತ್ ಚಹಾ ಕೊಡುತ್ತ, ತಾನು ಏನಾದರೂ ಎಡವಟ್ಟು ಮಾಡಿದರೆ ಮನೆಯಲ್ಲಿ ಅದಕ್ಕೆ ‘ಅಜ್ಜನ ಪಾಠ’ ಅಂತಾರೆ ಎಂದು ತಮಾಷೆಯಾಗಿ ಹೇಳಿದಳು. ನೀನೂ ನಕ್ಕೆ. “ನಮ್ಮಪ್ಪಂಗೆ ಗೊತ್ತಿದ್ದಿಲ್ಲ, ಅಕ್ಕೋರು ತಿದ್ದಿದ್ರು” ಎಂದು ನನ್ನ ತಟ್ಟೆಗೆ ಇನ್ನೊಂದು ಚಕ್ಕುಲಿ ಹಾಕಿದೆ. ನಾನು ಕಿತ್ತುಕೊಂಡದ್ದು ಓದುವ ಜಾಗ ಎಂದೇ ಇಷ್ಟು ವರ್ಷ ತಿಳಿದಿದ್ದೆ. ನಿನ್ನ ಅಪ್ಪ ನಿಮ್ಮ ಮನೆಯಲ್ಲಿ ಒಂದು ನಗೆಮಾತಾಗಿ ಉಳಿದಿದ್ದಾನೆ — ಅದನ್ನು ಮಾಡಿದವಳು ನಾನು.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ. ಅದನ್ನು ಕೇಳಿದರೆ ನೀನು ತಡಮಾಡದೆ ಕ್ಷಮಿಸುತ್ತೀಯ, ನನಗೆ ಗೊತ್ತು. ಆ ನಿನ್ನ ಗುಣದ ಮೇಲೂ ನನಗೆ... ಬೇಡ, ಅದನ್ನು ದೇವರೇ ನೋಡಿಕೊಳ್ಳಲಿ. ನಿನ್ನ ಅಪ್ಪ ಹೇಳಿಕೊಟ್ಟದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಇಷ್ಟು ನೀನು ತಿಳಿಯಬೇಕು, ರೂತ್ ತಿಳಿಯಬೇಕು, ಅಂದು ನನ್ನ ಮಾತು ನಂಬಿ ನಿನ್ನನ್ನು ಕನಿಕರದಿಂದ ನೋಡಿದವರೆಲ್ಲ ತಿಳಿಯಬೇಕು.

ಈ ಕಾಗದವನ್ನು ಭಾನುವಾರ ಸಭೆಯಲ್ಲಿ ಓದಿಸಲು ಅಯ್ಯನವರ ಒಪ್ಪಿಗೆ ಪಡೆದಿದ್ದೇನೆ. ನಾನೇ ಓದಬೇಕೆಂದಿದ್ದೆ. ಆದರೆ ನಿನಗೆ ಅಕ್ಷರ ಬಾರದು, ಓದುವಾಗ ನಾನು ಎಲ್ಲಿ ಒಂದು ಸಾಲು ಹಾರಿಸಿದರೂ, ಎಲ್ಲಿ ಒಂದು ಪದ ಮೆತ್ತಗೆ ಮಾಡಿದರೂ ನಿನಗೆ ಗೊತ್ತಾಗುವುದಿಲ್ಲ. ಒಮ್ಮೆ ನನ್ನ ಓದನ್ನು ನಂಬಿ ನೀನು ಅಪ್ಪನನ್ನು ಕಳೆದುಕೊಂಡೆ. ಮತ್ತೆ ನಂಬು ಎನ್ನಲು ನನಗೆ ಮುಖವಿಲ್ಲ. ರೂತ್ ಓದಲಿ. ನಾನು ಕೂತು ಕೇಳುತ್ತೇನೆ.