ಬೆಂಚಿನ ಮೇಲಿನ ಫಾರ್ವರ್ಡುಗಳು

ಶನಿವಾರ ಸಂಜೆ ನಾವು ನಾಲ್ಕಾರು ಕನ್ನಡಿಗರು ದೆಹಲಿ ಪಕ್ಕದ ಇಂದಿರಾಪುರಂನ ಒಂದು ಫ್ಲ್ಯಾಟಿನಲ್ಲಿ ಸೇರಿ ಫುಟ್‌ಬಾಲ್ ನೋಡುತ್ತೇವೆ. ಫ್ಲ್ಯಾಟು ನನ್ನ ಆಫೀಸಿನ ಮ್ಯಾನೇಜರರದು. ಎಲ್ಲರ ಮೆಚ್ಚಿನ ಯುರೋಪಿನ ಕ್ಲಬ್ಬೂ ಒಂದೇ. ಅಲ್ಲಿ ಮುಂದೆ ನಿಂತು ಗೋಲು ಹೊಡೆಯುವ ಫಾರ್ವರ್ಡುಗಳಿಗೆ ಬರವಿಲ್ಲ. ಮೂವರು ಆಡುತ್ತಿದ್ದರೆ ಅಷ್ಟೇ ಸಮರ್ಥರಾದ ಇನ್ನೂ ಮೂವರು ಬೆಂಚಿನ ಮೇಲೆ ಕೂತಿರುತ್ತಾರೆ. ಈ ಸಲ ಎಡಗಡೆ ಆಡಲು ಮತ್ತೊಬ್ಬನನ್ನು ಕೊಂಡು ತಂದರು.

"ಇನ್ನೊಬ್ಬ ಯಾಕೆ ಸಾರ್? ಎಡಗಡೆ ಆಡೋನು ಚೆನ್ನಾಗೇ ಆಡ್ತಿದ್ದಾನಲ್ಲ," ಎಂದೆ.

"ಚೆನ್ನಾಗಿ ಆಡ್ತಿರೋವಾಗ್ಲೇ ತರ್ಬೇಕು ಗುರು. ಕುರ್ಚಿ ಸ್ವಲ್ಪ ಬಿಸಿ ಇದ್ರೇನೇ ಓಡ್ತಾನೆ," ಎಂದು ಮ್ಯಾನೇಜರ್ ನಕ್ಕರು.

ಹಾಗೆನ್ನುವಾಗ ಅವರು ನನ್ನತ್ತ ನೋಡಿದರೆಂದು ನನ್ನ ನೆನಪು. ಆ ನೋಟವನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು. ಏಕೆಂದರೆ ಆ ವಾರವಷ್ಟೇ ಗುರುಗ್ರಾಮದ ನಮ್ಮ ಆಫೀಸಿಗೆ ಅವರು ನಾನು ಮಾಡುವ ಕೆಲಸಕ್ಕೇ ಹೊಸ ಹುಡುಗಿಯೊಬ್ಬಳನ್ನು ತೆಗೆದುಕೊಂಡಿದ್ದರು. ಅವಳಿಗೆ ಕಲಿಸಲು ನನಗೇ ಹೇಳಿದ್ದರು.

ದ್ವಿತೀಯಾರ್ಧದಲ್ಲಿ ಎಡಗಡೆಯವನನ್ನು ಹೊರಗೆ ಕರೆದು ಹೊಸಬನನ್ನು ಇಳಿಸಿದರು. ದಣಿದಿದ್ದ ಡಿಫೆಂಡರುಗಳನ್ನು ಸಲೀಸಾಗಿ ದಾಟಿ ಅವನು ಗೋಲು ಹೊಡೆದ.

"ನೋಡಿದ್ಯಾ, ಡೆಪ್ತ್ ಅಂದ್ರೆ ಇದು, ಬೆಂಚಲ್ಲೂ ಇಂಥೋರಿರ್ಬೇಕು," ಎಂದರು ಮ್ಯಾನೇಜರ್. ಎಲ್ಲರೂ ಎದ್ದು ಕುಣಿದರು. ನಾನೂ ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಕ್ಯಾಮೆರಾ ಹೊರಗೆ ಕೂತವನ ಮುಖ ತೋರಿಸಿತು. ಅವನೂ ತಟ್ಟುತ್ತಿದ್ದ, ಸಂತೋಷಕ್ಕೋ ಕ್ಯಾಮೆರಾಕ್ಕೋ ತಿಳಿಯಲಿಲ್ಲ.

ಸೋಮವಾರ ಆ ಹುಡುಗಿ, ತಿಂಗಳ ರಿಪೋರ್ಟು ಹೇಗೆ ಮಾಡುವುದೆಂದು ಹಿಂದಿಯಲ್ಲಿ ವಿನಯದಿಂದಲೇ ಕೇಳಿದಳು. ಸದ್ಯಕ್ಕೆ ಅದನ್ನು ನಾನೇ ಮಾಡುತ್ತೇನೆ, ನಿಧಾನವಾಗಿ ಕಲಿತರಾಯಿತು ಎಂದೆ.